ದೇವಿಮನೆ ಘಟ್ಟ ಇಳಿದರೆ ಬ್ಯಾಟರಿ ಭರ್ತಿಯಾಗುವುದಿಲ್ಲ: ಸ್ಪಷ್ಟನೆ

ಶಿರಸಿಯಿಂದ ಹೊರಟು ದೇವಿಮನೆ ಘಟ್ಟ ಇಳಿದರೆ ಸಾಕು, ಕುಮಟಾ ಮುಟ್ಟುವಷ್ಟರಲ್ಲಿ ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ತಾನಾಗಿಯೇ ತುಂಬಿರುತ್ತದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

ಇಳಿಜಾರಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಮೋಟಾರೇ ಜನರೇಟರ್ ಆಗಿ, ಕಾರಿನ ವೇಗ ತಗ್ಗಿಸುತ್ತಾ ಬ್ಯಾಟರಿಗೆ ವಿದ್ಯುತ್ ಮರಳಿಸುವುದು ನಿಜ. ಆದರೆ ಎಷ್ಟು? ಶಿರಸಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿ. 1,500 ಕಿಲೋ ತೂಕದ ಕಾರು ಅಷ್ಟೂ ಎತ್ತರ ಇಳಿದರೆ ಸಿಗುವ ಶಕ್ತಿ ಹೆಚ್ಚೆಂದರೆ 2.4 ಯೂನಿಟ್. ಅದರಲ್ಲಿ ಟೈರಿನ ಘರ್ಷಣೆ, ಗಾಳಿಯ ತಡೆ, ಮೋಟಾರಿನ ಬಿಸಿ ತಮ್ಮ ಪಾಲು ಕಿತ್ತುಕೊಳ್ಳುತ್ತವೆ. 30 ಯೂನಿಟ್ ಬ್ಯಾಟರಿಗೆ ಉಳಿದದ್ದು ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಕತಗಾಲ ದಾಟಿ ಕುಮಟೆಗೆ ಬರುವಷ್ಟರಲ್ಲಿ ಅದೂ ಬಹುತೇಕ ಖರ್ಚು.

ಘಟ್ಟದ ತಲೆಯಲ್ಲೇ ಬ್ಯಾಟರಿ ಭರ್ತಿಯಿದ್ದರೆ ಮರಳುವ ವಿದ್ಯುತ್ತಿಗೆ ಜಾಗವೇ ಇರುವುದಿಲ್ಲ. ಆಗ ಮೋಟಾರಿನ ಹಿಡಿತ ಸಡಿಲಗೊಂಡು ಮಾಮೂಲಿ ಬ್ರೇಕನ್ನೇ ನಂಬಬೇಕು. ಮಳೆಗಾಲದ ತಿರುವುಗಳಲ್ಲಿ ಇದು ನೆನಪಿರಲಿ. ಕೆಲವು ಎಲೆಕ್ಟ್ರಿಕ್ ಸ್ಕೂಟರ್‌ಗಳಲ್ಲಂತೂ ವಿದ್ಯುತ್ ಮರಳಿಸುವ ಈ ವ್ಯವಸ್ಥೆಯೇ ಇಲ್ಲ.

ಬ್ರೇಕ್ ಪ್ಯಾಡ್ ಸವೆಯುವುದು ಕಡಿಮೆಯಾಗುವ ಲಾಭವನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಮರಳಿ ಘಟ್ಟ ಹತ್ತುವಾಗ ಅದೇ 2.4 ಯೂನಿಟ್ಟನ್ನು ಹೆಚ್ಚುವರಿಯಾಗಿ ತೆರಬೇಕು ಎಂಬುದನ್ನು ಸಂದೇಶ ಬರೆದ ಮಹಾಶಯರು ಹೇಳಿಲ್ಲ.