ಮಗ್ದಲದ ಮರಿಯಳ ಕುರಿತ ಸಂದೇಶ: ಸ್ಪಷ್ಟನೆ

‘ಮಗ್ದಲದ ಮರಿಯಳು ವೇಶ್ಯೆಯಾಗಿದ್ದಳೆಂದು ಬೈಬಲ್ ಹೇಳುತ್ತದೆ’ ಎಂಬ ಸಂದೇಶ ಕಾರವಾರದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಮರಿಯಳು ಯೇಸುವಿನ ಶಿಷ್ಯೆ. ನಾನೂ ಆ ಸಂದೇಶವನ್ನು ಕಳುಹಿಸಿದ್ದೆ, ಅದು ತಪ್ಪು.

ಯೇಸುವಿನ ಜೀವನವನ್ನು ಹೇಳುವ ಬೈಬಲ್‌ನ ನಾಲ್ಕೂ ಸುವಾರ್ತೆಗಳಲ್ಲಿ ಎಲ್ಲಿಯೂ ಹಾಗಿಲ್ಲ. ಲೂಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿ ಯೇಸುವಿನ ಪಾದವನ್ನು ಕಣ್ಣೀರಿನಿಂದ ತೊಳೆದ ಪಾಪಿ ಹೆಂಗಸಿಗೆ ಹೆಸರೇ ಇಲ್ಲ. ಮರಿಯಳ ಹೆಸರು ಬರುವುದು 8ನೇ ಅಧ್ಯಾಯದಲ್ಲಿ: ಏಳು ದೆವ್ವಗಳಿಂದ ಬಿಡುಗಡೆ ಹೊಂದಿದವಳು, ಸ್ವಂತ ಆಸ್ತಿಯಿಂದ ಯೇಸುವಿನ ಬಳಗವನ್ನು ಪೋಷಿಸಿದ ಸ್ತ್ರೀಯರಲ್ಲಿ ಒಬ್ಬಳು. ಈ ಇಬ್ಬರನ್ನೂ ಒಬ್ಬಳೆಂದು ಸಾರಿದ್ದು ಪೋಪ್ ಒಂದನೇ ಗ್ರೆಗರಿ, 591ರ ಸುಮಾರಿನ ಪ್ರವಚನದಲ್ಲಿ. ಸ್ತ್ರೀವಾದಿ ಬೈಬಲ್ ವಿದ್ವಾಂಸರು ಈ ಬೆರಕೆಯನ್ನು ಬಿಡಿಸಿ ತೋರಿಸಿದ್ದಾರೆ. ಯೋಹಾನನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಯೇಸು ಸತ್ತು ಮತ್ತೆ ಎದ್ದ ಸುದ್ದಿಯನ್ನು ಶಿಷ್ಯರಿಗೆ ಮುಟ್ಟಿಸಿದವಳೇ ಈ ಮರಿಯಳು! 2016ರಲ್ಲಿ ಕ್ಯಾಥೊಲಿಕ್ ಸಭೆಯಲ್ಲಿ ಆಕೆಯ ಜುಲೈ 22ರ ಸ್ಮರಣೆಗೆ ಅಪೊಸ್ತಲರ, ಅಂದರೆ ಯೇಸುವಿನ ಪ್ರಮುಖ ಶಿಷ್ಯರ, ಹಬ್ಬಗಳಿಗೆ ಸಮನಾದ ಸ್ಥಾನ ದೊರೆಯಿತು.

ಆ ಸಂದೇಶವನ್ನು ದಯವಿಟ್ಟು ಮುಂದೆ ಕಳುಹಿಸಬೇಡಿ, ಕಳುಹಿಸಿದ್ದರೆ ಅಳಿಸಿ.