ಹುಲಿ ಸಾಹೇಬರು ಸೀಟಿನಲ್ಲಿಲ್ಲ

ಶನಿವಾರ ರಾತ್ರಿ ಹತ್ತೂವರೆಗೆ ಭಾವಮೈದ ಫೋನ್ ಮಾಡಿದ. "ಭಾವ, ನಾಳೆ ಬಂಡೀಪುರಕ್ಕೆ ಹೋಗಿ ಹುಲಿ ನೋಡ್ಕೊಂಡ್ ಬಂದ್ಬಿಡೋಣ." ಗಾಂಧಿಬಜಾರಿಗೆ ಹೋಗಿ ಹೂವು ತಂದುಬಿಡೋಣ ಅನ್ನುವ ಧಾಟಿ. ಸೋಮವಾರ ಒಂಬತ್ತೂವರೆಗೆ ಅವನಿಗೆ ಮೀಟಿಂಗು. ಹಾಗಾಗಿ ಹುಲಿ ಭಾನುವಾರವೇ ಕಾಣಬೇಕು. ಅದೂ ಬೆಳಗಿನ ಸಫಾರಿಯಲ್ಲೇ ಕಾಣಬೇಕು. ವಾಪಸ್ ಬರುವಾಗ ಮದ್ದೂರಿನಲ್ಲಿ ವಡೆ ತಿಂದು, ಸಂಜೆ ಟ್ರಾಫಿಕ್ಕಿಗೆ ಮುಂಚೆ ಕೆಂಗೇರಿ ದಾಟಬೇಕು. ಇಷ್ಟನ್ನೂ ಅವನು ಎಲ್ಲರ ಜೊತೆ ಮಾತಾಡಿ ಗೊತ್ತು ಮಾಡಿದ್ದ, ಹುಲಿ ಒಂದನ್ನು ಬಿಟ್ಟು.

"ಸೈಟಿಂಗ್ ಗ್ಯಾರಂಟಿ ಭಾವ. ಏಪ್ರಿಲ್ ತಿಂಗಳು, ಕೆರೆಗಳೆಲ್ಲ ಒಣಗಿರ್ತವೆ, ನೀರಿಗೆ ಬಂದೇ ಬರುತ್ತೆ."

ಅವನ ಹಿಂದಿನಿಂದ ನಮ್ಮ ಅತ್ತೆಯ ದನಿ ಕೇಳಿಸಿತು. "ಗುಂಡ್ಲುಪೇಟೆ ಹತ್ರ ಸೈಟಾ? ಚದರಡಿಗೆ ಎಷ್ಟಂತೆ?" ಅವರ ತಪ್ಪಲ್ಲ. ಬೆಂಗಳೂರಿನಲ್ಲಿ ನಲವತ್ತು ವರ್ಷ ಬಾಳಿದವರು.

ರಾತ್ರಿ ಎರಡಕ್ಕೆ ಕಾರು ಹತ್ತಿದೆವು. ಭಾವಮೈದ ಎಲೆ ಎಲೆ ಬಣ್ಣದ ಪ್ಯಾಂಟು, ಅದೇ ಬಣ್ಣದ ಟೋಪಿ ಹಾಕಿದ್ದ. ಅವನ ಹೆಂಡತಿಗೂ ಮಗನಿಗೂ ಅದೇ ವೇಷ. ಡೀಸೆಲ್ ಬಸ್ಸಿನಲ್ಲಿ ಇಪ್ಪತ್ತೈದು ಜನರ ನಡುವೆ ಕೂರುವವರಿಗೆ ಪೊದೆಯ ವೇಷ ಯಾಕೆ ಅಂತ ನಾನು ಕೇಳಲಿಲ್ಲ. ಮನೆ ಮಂದಿಯ ಜೊತೆ ಇನ್ನೂ 440 ಕಿಲೋಮೀಟರ್ ಕಳೆಯುವುದಿತ್ತು. ಡಿಕ್ಕಿಯಲ್ಲಿ ದಿನದ ಬಾಡಿಗೆಗೆ ತಂದ ಲೆನ್ಸು. ನಮ್ಮಜ್ಜಿ ಮನೆಯ ಒನಕೆಯಷ್ಟಿತ್ತು. ಅದರ ಪಕ್ಕದಲ್ಲಿ ಅತ್ತೆಯ ಪುಳಿಯೋಗರೆ ಡಬ್ಬಿ. ಅದು ಮಾತ್ರ ಸ್ವಂತದ್ದು.

ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ನೂರು ದಾಟಿದರೆ ಕ್ಯಾಮೆರಾ ಹಿಡಿಯುತ್ತೆ. ದಾರಿಯಲ್ಲಿ ಎರಡು ಕಡೆ ಫ್ಲಾಶ್ ಹೊಳೆಯಿತು. ಆ ದಿನದ ಮೊದಲ ಎರಡು ಸೈಟಿಂಗ್ ಅವೇ. ಹುಲಿ ಎಣಿಸುವವರೂ ಹೀಗೇ ಮಾಡುತ್ತಾರೆ. ಕಾಡಿನ ದಾರಿಯಲ್ಲಿ ಮರಕ್ಕೆ ಕ್ಯಾಮೆರಾ ಕಟ್ಟಿಡುತ್ತಾರೆ. ಹುಲಿ ಎದುರಿಗೆ ಬಂದರೆ ಅದೇ ಕ್ಲಿಕ್ ಆಗುತ್ತೆ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರೋದಿಲ್ಲ, ಆದ್ದರಿಂದ ಲೆಕ್ಕ ತಪ್ಪೋದಿಲ್ಲ. ಹುಲಿಗೆ ಪಟ್ಟೆ, ನಮಗೆ ನಂಬರ್ ಪ್ಲೇಟು. ಹುಲಿಗೆ ದಂಡ ಬೀಳೋದಿಲ್ಲ, ಅಷ್ಟೇ ವ್ಯತ್ಯಾಸ.

ಆ ಲೆಕ್ಕವನ್ನೇ ಒಂದು ಸಲ ನೋಡಿ. 2022ರ ಗಣತಿಯಲ್ಲಿ ಬಂಡೀಪುರದ ಹುಲಿಗಳು 150. ಕಾಡಿನ ಒಳಭಾಗವೇ 872 ಚದರ ಕಿಲೋಮೀಟರ್, ಪಾಲಿಕೆ ಒಂದೇ ಇದ್ದಾಗಿನ ನಮ್ಮ ಬೆಂಗಳೂರಿಗಿಂತ ದೊಡ್ಡದು. ಸಫಾರಿ ಬಸ್ಸು ಸುತ್ತುವುದು ಅದರ ಒಂದು ಮೂಲೆ. ಅಷ್ಟು ದೊಡ್ಡ ಊರಿನಲ್ಲಿ, ಯಾರ ಕಣ್ಣಿಗೂ ಬೀಳಬಾರದು ಅಂತಲೇ ಹುಟ್ಟಿರುವ 150 ಜನರಲ್ಲಿ ಒಬ್ಬರನ್ನು ಒಂದೇ ಸಫಾರಿಯೊಳಗೆ ಹುಡುಕಬೇಕು. ನನ್ನ ಹತ್ತಿರ ಐದು ಸಾವಿರ ಕೈಸಾಲ ತಗೊಂಡವನು ಬಸವನಗುಡಿಯಲ್ಲೇ ಇದ್ದಾನೆ. ಅವನಿಗೆ ಪಟ್ಟೆಯೂ ಇಲ್ಲ, ಪೊದೆಯೂ ಇಲ್ಲ. ಮೂರು ವರ್ಷದಿಂದ ಸೈಟಿಂಗ್ ಆಗಿಲ್ಲ.

ಮೇಲುಕಾಮನಹಳ್ಳಿಯಲ್ಲಿ ಸಫಾರಿ ಬಸ್ಸು ಹತ್ತಿದಾಗ ಎಲ್ಲರ ಕಣ್ಣೂ ಕೆಂಪಗಿತ್ತು. ಎಲ್ಲರೂ ನಮ್ಮ ಹಾಗೇ ನಿದ್ದೆಗೆಟ್ಟು ಬೆಂಗಳೂರಿನಿಂದ ಬಂದವರು. ಹುಲಿ ದಿನದ ಹೆಚ್ಚು ಹೊತ್ತು ನಿದ್ದೆ ಮಾಡುತ್ತೆ ಅಂತ ಓದಿದ್ದೆ. ಮೊದಲ ತಿರುವಿನಲ್ಲೇ ನಮ್ಮ ಮಾವನವರು ಅದನ್ನು ಮಾಡಿ ತೋರಿಸಿದರು. ಹಿಂದಿನ ಸೀಟಿನಲ್ಲಿ ಒಂದು ಪುಟ್ಟ ಹುಡುಗಿ ಅವಳಪ್ಪನನ್ನು ಕೇಳಿದಳು, "ಅಪ್ಪಾ, ಹುಲಿ ಯಾವ ಸ್ಟಾಪಲ್ಲಿ ಹತ್ತುತ್ತೆ?" ಇಡೀ ಬಸ್ಸಿನಲ್ಲಿ ಕೇಳಬೇಕಾದ ಪ್ರಶ್ನೆ ಕೇಳಿದ್ದು ಅವಳೊಬ್ಬಳೇ.

ಅರ್ಧ ಗಂಟೆಯಾದ ಮೇಲೆ ಡ್ರೈವರ್ ಗಕ್ಕನೆ ಎಂಜಿನ್ ಆಫ್ ಮಾಡಿದರು. ಆ ಕಡೆಯವರೇ. ಇಪ್ಪತ್ತು ವರ್ಷದಿಂದ ಇದೇ ದಾರಿ. ಕೈ ಎತ್ತಿ, ಮೆಲ್ಲಗೆ ಹೇಳಿದರು.

"ಸುಮ್ಕಿರಿ ಸಾ. ಕಾಲ್ ಬತ್ತಾ ಅದೆ."

ಇಪ್ಪತ್ತೈದು ಜನ ಒಟ್ಟಿಗೆ ಜೇಬು ತಡಕಿಕೊಂಡರು. ಒಬ್ಬರು ಫೋನ್ ತೆಗೆದು "ನಂದಲ್ಲ, ನಂದು ಸೈಲೆಂಟಲ್ಲಿದೆ" ಅಂದರು. ಇನ್ನೊಬ್ಬರು "ಇಲ್ಲಿ ನೆಟ್‌ವರ್ಕ್ ಸಿಗುತ್ತಾ?" ಅಂತ ಖುಷಿಯಿಂದ ಎದ್ದು ನಿಂತರು. ಡ್ರೈವರ್ ಹಣೆ ಚಚ್ಚಿಕೊಳ್ಳಲಿಲ್ಲ. ದಿನಾ ಅಭ್ಯಾಸ ಆಗಿರಬೇಕು. ಅವರು ಹೇಳಿದ್ದು ಜಿಂಕೆಯ ಕಾಲ್. ಹುಲಿಯ ಸುಳಿವು ಸಿಕ್ಕರೆ ಜಿಂಕೆ ಕೂಗಿ ಉಳಿದವಕ್ಕೆ ಹೇಳುತ್ತೆ. ಮರದ ಮೇಲಿನಿಂದ ಮುಸುವ ಕೂಗುತ್ತೆ. ಜಿಂಕೆ ಸ್ವಲ್ಪ ಪುಕ್ಕಲು, ಎಲೆ ಅಲ್ಲಾಡಿದರೂ ಕೂಗುವುದುಂಟು. ಆದರೆ ಕಡವೆ ಕೂಗಿದರೆ ಮಾತ್ರ ಸುಮ್ನೆ ಅಲ್ಲ, ಅದು ಜವಾಬ್ದಾರಿಯ ಪ್ರಾಣಿ. ನಾವು ಕಾಯುತ್ತಿದ್ದಾಗಲೇ ದೂರದಲ್ಲಿ ಕಡವೆ ಕೂಗಿತು. ತುತ್ತೂರಿ ಒಡೆದಂಥ ಒಂದೇ ಸದ್ದು. ಮೈ ಜುಮ್ಮೆಂದಿತು, ಸುಳ್ಳು ಹೇಳಲ್ಲ. ಮುಸುವವೊಂದು ಕೊಂಬೆಯ ತುದಿಗೆ ಬಂದು ಲಂಟಾನ ಪೊದೆಯ ಒಂದೇ ಜಾಗವನ್ನು ದಿಟ್ಟಿಸಿ ನೋಡುತ್ತಿತ್ತು.

ಬ್ರಿಟಿಷರ ಕಾಲದಲ್ಲಿ ಅಂದಕ್ಕೆ ಅಂತ ತಂದ ಗಿಡ ಈ ಲಂಟಾನ. ಈಗ ಬಂಡೀಪುರದ ತುಂಬ ಅದೇ. ಒಳಗೆ ಹುಲಿಯಲ್ಲ, ನಮ್ಮ ಬಸ್ಸು ನಿಂತಿದ್ದರೂ ಕಾಣೋದಿಲ್ಲ. ಅಂದರೆ ಹತ್ತಿಪ್ಪತ್ತು ಅಡಿ ದೂರದಲ್ಲಿ, ಆ ಹಸಿರಿನ ಹಿಂದೆ ಒಂದು ಹುಲಿ ಬಹುಶಃ ಮಲಗಿತ್ತು. ನಾವು ಅದನ್ನು ನೋಡಲಿಲ್ಲ. ಅದು ನಮ್ಮನ್ನು ನೋಡಿತು, ಕೇಳಿತು, ಮೂಸಿತು. ದುಡ್ಡು ಕೊಡದೆ ಪೂರ್ತಿ ಸಫಾರಿ ಮುಗಿಸಿತು.

ಆಗಲೇ ಯಾರೋ ಚಿಪ್ಸ್ ಪೊಟ್ಟಣ ಒಡೆದರು. ಅದು ಮೂರನೆಯ ಕಾಲ್. ಮುಸುವ ತಲೆ ತಿರುಗಿಸಿ ನಮ್ಮನ್ನೇ ನೋಡಿತು.

"ಈಗ್ತಾನೆ ಇಲ್ಲೇ ಇತ್ತು ಸಾ. ನೆನ್ನೆ ಸಂಜೆ ಟ್ರಿಪ್‌ನೋರಿಗೆ ಇದೇ ಜಾಗದಲ್ಲಿ ಕಾಣಿಸ್ಕತ್ತು" ಅಂದರು ಡ್ರೈವರ್.

ಈ ಮಾತನ್ನು ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ಹೌದು, ಖಾತೆ ಬದಲಾವಣೆಗೆ ಓಡಾಡುವಾಗ. ಕಚೇರಿ ಯಾವುದು ಅಂತ ಹೇಳೋದಿಲ್ಲ, ನಿಮಗೂ ಒಂದು ಇದ್ದೇ ಇರುತ್ತೆ. ಕುರ್ಚಿಯ ಮೇಲೆ ಟವೆಲ್ಲು, ಮೇಲೆ ತಿರುಗುವ ಫ್ಯಾನು, ಮೇಜಿನ ಮೇಲೆ ಅರ್ಧ ಕುಡಿದ ಟೀ. "ಈಗ್ತಾನೆ ಇದ್ರು ಸಾರ್, ಈಗ ಎದ್ದು ಹೋದ್ರು." ನಾವು ಹೆಜ್ಜೆಗುರುತು ನೋಡಿ ಹಿಂಬಾಲಿಸುತ್ತೇವೆ. ಕ್ಯಾಂಟೀನ್ ಕಡೆ ಒಂದು, ಮೀಟಿಂಗ್ ಹಾಲ್ ಕಡೆ ಇನ್ನೊಂದು. ಅಲ್ಲಿ ಆರು ತಿಂಗಳು ಸದ್ದಿಲ್ಲದೆ ಕಾಯುವ ನಾವು, ಹುಲಿಗೆ ಮಾತ್ರ ಒಂದೇ ಸಫಾರಿಯ ಗಡುವು ಕೊಡುತ್ತೇವೆ. ಡ್ರೈವರ್ ಕೂಡ ಥೇಟ್ ಜವಾನರ ಹಾಗೇ ದಾರಿಯ ಮಣ್ಣಿನಲ್ಲಿ ಹೆಜ್ಜೆಗುರುತು ತೋರಿಸಿದರು. ತಟ್ಟೆ ಇಡ್ಲಿಯಷ್ಟಿಲ್ಲದಿದ್ದರೂ ಹತ್ತಿರಹತ್ತಿರ ಅಷ್ಟಿತ್ತು. ಭಾವಮೈದ ಒನಕೆ ಎತ್ತಿ ನಲವತ್ತು ಫೋಟೊ ಹೊಡೆದ.

ದೊಡ್ಡವರು ಬಂದರೆ ಸಾಹೇಬರು ಸೀಟಿನಲ್ಲಿರುತ್ತಾರೆ ಅಂತೀರಾ? 2023ರ ಏಪ್ರಿಲ್ 9ರಂದು, ಹುಲಿ ಯೋಜನೆಗೆ ಐವತ್ತು ವರ್ಷ ತುಂಬಿದ ಸಂಭ್ರಮಕ್ಕೆ ಪ್ರಧಾನಿಯವರೇ ಬಂಡೀಪುರಕ್ಕೆ ಬಂದು ಜೀಪಿನಲ್ಲಿ ಸುತ್ತಾಡಿದರು. ಆನೆಯ ಫೋಟೊ ಬಂತು, ಕಾಟಿಯದು ಬಂತು, ಜಿಂಕೆಯದು ಬಂತು. ಹುಲಿಯದು ಬರಲಿಲ್ಲ. ಅದೇ ದಿನ ಮೈಸೂರಿನಲ್ಲಿ, ದೇಶದಲ್ಲಿ ಕಡೇಪಕ್ಷ 3,167 ಹುಲಿಗಳಿವೆ ಅಂತ ಲೆಕ್ಕ ಬಿಡುಗಡೆ ಆಯಿತು. ಅಷ್ಟರಲ್ಲಿ ಒಂದಾದರೂ ಬಂದು ಮುಖ ತೋರಿಸಿ ಹೋಗಬಹುದಿತ್ತು. ಪ್ರೋಟೊಕಾಲ್ ಗೊತ್ತಿಲ್ಲದ ಪ್ರಾಣಿ.

ಆಮೇಲೆ ನಮಗೆ ಏನೇನು ಸಿಕ್ಕಿತು ಗೊತ್ತಾ? ಮರಿಯನ್ನು ಕಾಲುಗಳ ನಡುವೆ ಇಟ್ಟುಕೊಂಡು ದಾರಿ ದಾಟಿದ ಆನೆ ಹಿಂಡು. ಒಂದು ಟನ್ ಹತ್ತಿರ ತೂಗಬಹುದಾದ ಗಂಡು ಕಾಟಿ, ಕಾಲಿಗೆ ಬಿಳಿ ಸಾಕ್ಸ್ ಹಾಕಿಕೊಂಡ ಹಾಗೆ. ಅದು ನಮ್ಮ ಬಸ್ಸನ್ನು ನೋಡಿದ ರೀತಿಗೆ ನಾನೇ ಸ್ವಲ್ಪ ಸರಿದು ಕೂತೆ. ಕೊನೆಗೆ ಏಳೆಂಟು ಸೀಳುನಾಯಿಗಳು. ಮೈಯೆಲ್ಲ ಇಟ್ಟಿಗೆಯ ಕೆಂಪು, ಬಾಲದ ತುದಿ ಕಪ್ಪು. ಒಂದನ್ನೊಂದು ಸಿಳ್ಳೆ ಹಾಕಿ ಕರೆಯುತ್ತಿದ್ದವು. ಅಳಿವಿನ ಅಂಚಿನ ಪಟ್ಟಿಯಲ್ಲಿ ಹುಲಿಯ ಸಾಲಿನಲ್ಲೇ ಇರುವ ಹೆಸರು ಅದು. ಡ್ರೈವರ್ ಮುಖ ಅರಳಿತು. "ಸೀಳುನಾಯಿ ಸಾ, ಎಲ್ರಿಗೂ ಸಿಕ್ಕಲ್ಲ."

"ನಾಯೀನಾ?" ಅಂದರು ಚಿಪ್ಸಿನವರು. "ನಮ್ಮ ಬೀದೀಲಿ ಬೇಕಾದಷ್ಟಿವೆ ಬಿಡಿ."

ಬಸ್ಸು ಗೇಟಿಗೆ ವಾಪಸ್ ಬಂತು. ಒಳಗೆ ಹೋಗಲು ಕಾಯುತ್ತಿದ್ದವರು ಕಿಟಕಿಗೆ ಮುಗಿಬಿದ್ದು ಕೇಳಿದರು, "ಕಾಣ್ತಾ?" ನಮ್ಮ ಬಸ್ಸಿನವರೆಲ್ಲ ಸಾವಿನ ಮನೆಯಿಂದ ಬಂದವರ ಹಾಗೆ ತಲೆ ಅಲ್ಲಾಡಿಸಿದರು. "ಇಲ್ಲ. ಏನೂ ಕಾಣಲಿಲ್ಲ."

ಏನೂ ಕಾಣಲಿಲ್ಲ! ಆನೆ ಲೆಕ್ಕಕ್ಕಿಲ್ಲ, ಕಾಟಿ ಲೆಕ್ಕಕ್ಕಿಲ್ಲ, ಕಡವೆ ಕೂಗಿ ಕೂಗಿ ಗಂಟಲು ಹರಿದುಕೊಂಡಿದ್ದು ಲೆಕ್ಕಕ್ಕಿಲ್ಲ. ಮದುವೆ ಮನೆಗೆ ಹೋಗಿ, ಎಲೆ ತುಂಬ ಊಟ ಮಾಡಿ, ಹೋಳಿಗೆ ಬಡಿಸಲಿಲ್ಲ ಅಂತ ಉಪವಾಸ ಬಂದೆ ಅನ್ನುವವರ ಥರ. ಒಬ್ಬರಂತೂ ಪಾರ್ಕಿಂಗ್‌ನಲ್ಲೇ ನಿಂತು ಕಾಡಿಗೆ ಒಂದು ಸ್ಟಾರ್ ಕೊಟ್ಟರು. "ಹುಲಿ ಇಲ್ಲ. ಬರೀ ಮರಗಳು. ಟಾಯ್ಲೆಟ್ ಪರವಾಗಿಲ್ಲ."

ನಾವು ಹೋಗಿದ್ದು 2025ರ ಬೇಸಿಗೆಯಲ್ಲಿ. ಅದೇ ವರ್ಷದ ಅಕ್ಟೋಬರ್, ನವೆಂಬರ್‌ನಲ್ಲಿ ಸರಗೂರು ಕಡೆ ಹೊಲಕ್ಕೆ ಹೋದ ರೈತರು ಹುಲಿ ಬಾಯಿಗೆ ಸಿಕ್ಕಿ ಸತ್ತರು. ಬಂಡೀಪುರ, ನಾಗರಹೊಳೆಯ ಸಫಾರಿ ನಿಲ್ಲಿಸಿದರು. ಅವತ್ತೂ ಭಾವಮೈದನ ಫೋನ್ ಬಂತು. "ಎಂಥಾ ಅನ್ಯಾಯ ನೋಡಿ ಭಾವ. ಈಗ ಎಲ್ಲ ಕಡೆ ಕಾಣ್ತಾ ಇದೆ, ಈಗಲೇ ನಿಲ್ಲಿಸಿಬಿಟ್ರು." ಆ ರೈತರ ಮನೆಯವರಿಗೆ ಇವನ ದುಃಖ ತಿಳಿಸುವ ಏರ್ಪಾಡು ಏನಾದರೂ ಇದೆಯಾ ಅಂತ ನಾನು ಕೇಳಿದೆ. ಅವನಿಗೆ ಅರ್ಥವಾಗಲಿಲ್ಲ.

ಇರಲಿ, ಆ ಭಾನುವಾರಕ್ಕೆ ವಾಪಸ್ ಬರೋಣ. ದಾರಿಯಲ್ಲಿ ಬೈಪಾಸ್ ಇಳಿಯುವುದು ಮರೆತು ಮದ್ದೂರು ಹಿಂದೆ ಹೋಯಿತು. ವಡೆಯೂ ಕಾಣಲಿಲ್ಲ. ಕೆಂಗೇರಿಯಲ್ಲಿ ಒಂದೂಕಾಲು ಗಂಟೆ ನಿಂತೆವು. ಅಲ್ಲಿ ಮಾತ್ರ ಬೇಕಾದಷ್ಟು ವನ್ಯಜೀವಿ.

ರಾತ್ರಿ ಹನ್ನೊಂದಕ್ಕೆ ಮನೆಯವರ ಗ್ರೂಪಿನಲ್ಲಿ ಭಾವಮೈದನ ಫೋಟೊ ಬಂತು. ಅವನು ತೆಗೆದ ಸಾವಿರದಷ್ಟು ಫೋಟೊಗಳನ್ನು ಒಂದೊಂದಾಗಿ ಹಿಗ್ಗಿಸಿ ನೋಡಿದ್ದನಂತೆ. ಲಂಟಾನ ಪೊದೆ, ಅದರ ನಡುವೆ ಕಂದು ಬಣ್ಣದ ಏನೋ ಒಂದು, ಸುತ್ತ ಕೆಂಪು ವೃತ್ತ. ಕೆಳಗೆ, "ಕಿವಿ!!!" ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ತೇಗದ ಮರದ ಬೊಡ್ಡೆ. ಮಾವನವರಿಗೆ ಅದು ಬಿಸ್ಕತ್ತಿನ ರಟ್ಟು ಅನ್ನಿಸಿತು. ಅತ್ತೆ ಮಾತ್ರ "ಪಾಪ, ಕಿವಿ ಅಂತಾನಲ್ಲ, ಕಿವಿ ಅನ್ನಿ" ಅಂದರು. ಹಾಗೆ ನಾಲ್ಕರಲ್ಲಿ ಎರಡು ವೋಟು ಬಿದ್ದು ಕಿವಿ ಆಯಿತು. ಸೋಮವಾರ ಬೆಳಿಗ್ಗೆ ಅವನ ಆಫೀಸಿನ ಗ್ರೂಪಿಗೆ ಹೋಯಿತು, ಅಲ್ಲಿಂದ ಅವನ ಅಪಾರ್ಟ್‌ಮೆಂಟಿನ ಗ್ರೂಪಿಗೆ.

ಮಂಗಳವಾರ ಸಂಜೆ ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಬೀಗ ಬಿದ್ದಿತ್ತು. ಮಕ್ಕಳನ್ನು ಆಟದಿಂದ ಎಳೆದುಕೊಂಡು ಹೋಗುತ್ತಿದ್ದರು. ಸೆಕ್ಯೂರಿಟಿಯವರು ಟಾರ್ಚು, ದೊಣ್ಣೆ ಹಿಡಿದು ಕುರ್ಚಿಯ ಮೇಲೆ ನಿಂತಿದ್ದರು. ಮೂರನೇ ಮಹಡಿಯ ಅಂಕಲ್ ಫೋನ್ ತೋರಿಸಿದರು. "ತುರಹಳ್ಳಿ ಕಾಡಿನಿಂದ ಹುಲಿ ಹೊರಗೆ ಬಂದಿದೆ. ಕನಕಪುರ ರಸ್ತೆಯವರು ಎಚ್ಚರ. ಅರಣ್ಯ ಇಲಾಖೆ ಖಚಿತಪಡಿಸಿದೆ. ಎಲ್ಲರಿಗೂ ಕಳಿಸಿ." ಕೆಳಗೆ ಪರಿಚಯದ ಕೆಂಪು ವೃತ್ತ.

ಈ ಅಂಕಲ್ ಹೋದ ವರ್ಷ ಕಬಿನಿಗೆ ಮೂರು ಸಲ ಹೋಗಿ ಬಂದವರು. ಹುಲಿ ಕಾಣಲಿಲ್ಲ ಅಂತ ಮೂರು ಸಲವೂ ಲಿಫ್ಟಿನಲ್ಲಿ ನನ್ನ ಹತ್ತಿರ ಅತ್ತವರು. ಈಗ ಮನೆ ಬಾಗಿಲಿಗೇ ಬಂದಿದೆಯಂತೆ, ಟಿಕೆಟ್ ಇಲ್ಲ, ಟೋಲ್ ಇಲ್ಲ. "ಹಿಡ್ಕೊಂಡು ಹೋಗೋಕೆ ಯಾರಿಗೆ ಫೋನ್ ಮಾಡೋದು?" ಅಂತ ಕೇಳುತ್ತಿದ್ದರು. 2023ರಲ್ಲಿ ಕೂಡ್ಲು ಗೇಟ್ ಹತ್ತಿರ ನಿಜವಾಗಿಯೂ ಒಂದು ಚಿರತೆ ಅಪಾರ್ಟ್‌ಮೆಂಟಿಗೆ ಬಂದಿತ್ತಲ್ಲ, ಹಿಡಿಯುವ ಗಲಾಟೆಯಲ್ಲಿ ಸತ್ತೇಹೋಯಿತು. ತೇಗದ ಬೊಡ್ಡೆಗೆ ಆ ಭಯ ಇಲ್ಲ, ಪುಣ್ಯಕ್ಕೆ.

ಮೇಲೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಫೋನು. ಭಾವಮೈದ. ದನಿ ನಡುಗುತ್ತಿತ್ತು.

"ಭಾವ, ಬಾಲ್ಕನಿ ಬಾಗಿಲು ಹಾಕ್ಕೊಳ್ಳಿ. ನಿಮ್ಮ ಕಡೆನೇ ಬಂದಿದೆಯಂತೆ."

"ಅದು ನಿನ್ನ ಫೋಟೊನೇ ಕಣೋ. ವೃತ್ತ ನೋಡು. ನಿಂದೇ ಕಿವಿ."

ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಫೋಟೊ ಹಿಗ್ಗಿಸಿ ನೋಡುತ್ತಿದ್ದ ಅಂತ ಕಾಣುತ್ತೆ.

"ನೋಡಿದ್ರಾ ಭಾವ! ಬೊಡ್ಡೆ ಬೊಡ್ಡೆ ಅಂತ ನಗ್ತಿದ್ರಿ. ಈಗ ಅರಣ್ಯ ಇಲಾಖೆಯವ್ರೇ ಹುಲಿ ಅಂತ ಒಪ್ಕೊಂಡಿದ್ದಾರೆ."

ಹಾಗೆ ಹೇಳುತ್ತಲೇ ಅವನು ಎದ್ದು ಹೋಗಿ ಬಾಗಿಲ ಚಿಲಕ ಹಾಕಿದ ಸದ್ದು ಕೇಳಿಸಿತು. ಮೇಲಿನದ್ದು ಒಂದು, ಕೆಳಗಿನದ್ದು ಒಂದು.