1930ಕ್ಕೆ ಎರಡು ಟಿಕೆಟ್ ಕೊಡಿ

ಅಕ್ಕನ ಮಗ ಬೆಂಗಳೂರಿನಿಂದ ಬಂದಿದ್ದ. ಮನೆಯಿಂದಲೇ ಕೆಲಸ ಅಂತ ಹೇಳಿ ಬಂದವನು. ನಮ್ಮೂರು ಶಿರಸಿ ಪೇಟೆಯಿಂದ ಇಪ್ಪತ್ತು ಕಿಲೋಮೀಟರ್ ಒಳಗೆ. ಇಲ್ಲಿ ಕೆಲಸ ಮಾಡಲು ನೆಟ್‌ವರ್ಕ್ ಬೇಕು. ನೆಟ್‌ವರ್ಕ್ ಬೇಕೆಂದರೆ ಗುಡ್ಡ ಹತ್ತಬೇಕು. ಗುಡ್ಡ ಹತ್ತಿದರೆ ಲ್ಯಾಪ್‌ಟಾಪಿಗೆ ಕರೆಂಟಿಲ್ಲ. ಹಾಗಾಗಿ ಮಾಣಿ ಬರುವಾಗಲೇ ತುಂಬಿಕೊಂಡು ಬಂದಿದ್ದ ಹಳೆಯ ಅಮೆರಿಕನ್ ಧಾರಾವಾಹಿಯನ್ನು ಜಗಲಿಯಲ್ಲಿ ಕೂತು ನೋಡುವುದನ್ನೇ ಕೆಲಸ ಮಾಡಿಕೊಂಡ. ಹೆಸರು ‘ಲಾಸ್ಟ್’. 2004ರಿಂದ 2010ರವರೆಗೆ ಓಡಿದ್ದು. ವಿಮಾನವೊಂದು ದ್ವೀಪದಲ್ಲಿ ಬೀಳುತ್ತದೆ. ಬದುಕಿ ಉಳಿದವರು ಅಲ್ಲೇ ಸೂರು ಕಟ್ಟಿಕೊಂಡು ಇರುತ್ತಾರೆ.

ಕವಳ ಹಾಕಲು ಬಂದ ಆಚೆಮನೆ ಅಜ್ಜ ಅಲ್ಲೇ ಕೂತರು. ವಯಸ್ಸು ಎಂಬತ್ತನಾಲ್ಕು. ಅಡಿಕೆ ಹೋಳು ಮಾಡುತ್ತ ಒಂದು ಗಳಿಗೆ ನೋಡಿ, “ಇವ್ರಿಗೆ ಇಷ್ಟು ದಿನ ಆದ್ರೂ ಒಂದು ನೋಟೀಸು ಬಂಜಿಲ್ಯನಾ ತಮಾ?” ಅಂದರು. ಮಾಣಿಗೆ ಅರ್ಥವಾಗಲಿಲ್ಲ. ನನಗೆ ಆಯಿತು.

ಕತೆ ಐದನೇ ಸೀಸನ್ನಿಗೆ ಬಂದಾಗ ಅವರಲ್ಲಿ ಕೆಲವರು 1977ಕ್ಕೆ ಹೋಗಿ ಬೀಳುತ್ತಾರೆ. ನಮ್ಮ ಜಗಲಿಯಲ್ಲಿ ಜಗಳ ಶುರುವಾಗಿದ್ದೇ ಆಗ. ಹಿಂದಕ್ಕೆ ಹೋದವರು ಹಿಂದಿನದನ್ನು ಬದಲಾಯಿಸಬಹುದೋ, ಇಲ್ಲವೋ? ಕತೆಯಲ್ಲಿ ಫ್ಯಾರಡೆ ಅಂತ ಒಬ್ಬ ವಿಜ್ಞಾನಿ ಇದ್ದಾನೆ. ಮೊದಮೊದಲು ಅವನು ಸಾಧ್ಯವೇ ಇಲ್ಲ ಅನ್ನುತ್ತಾನೆ. ಆಗಿದ್ದು ಆಗಿಹೋಯಿತು, ನೀನು ಹಿಂದಕ್ಕೆ ಹೋಗಿ ಏನೇ ಕಡಿದು ಕಟ್ಟೆ ಹಾಕಿದರೂ ಅದು ಮೊದಲೇ ಆಗಿಹೋಗಿದ್ದರಲ್ಲಿ ಸೇರಿರುತ್ತದೆ. ಆಮೇಲೆ ಅವನಿಗೇ ಅನುಮಾನ. ಮನುಷ್ಯ ಮನಸ್ಸು ಮಾಡಿದರೆ ಯಾಕಾಗಬಾರದು ಅಂತ ಹೊರಡುತ್ತಾನೆ. ಹೊರಟವನು ಸ್ವಂತ ತಾಯಿಯ ಕೈಯಲ್ಲೇ ಗುಂಡು ತಿಂದು ಸಾಯುತ್ತಾನೆ. ಆಗ ಆ ತಾಯಿ ಬಸುರಿ. ಹೊಟ್ಟೆಯಲ್ಲಿರುವುದೂ ಅವನೇ.

“ಅಡ್ಡಿಲ್ಲೆ,” ಅಂದರು ಅಜ್ಜ. “ಹುಟ್ಟುವ ಮೊದಲೇ ಮರಣ ದಾಖಲೆ ಆತು ಅವಂಗೆ. ನಂಗೆ ಇನ್ನೂ ಜನನ ದಾಖಲೆನೇ ಸಿಕ್ಕಿದ್ದಿಲ್ಲೆ.”

ಒಳಗಿನಿಂದ ನಮ್ಮನೆಯವಳು ಕೂಗಿ ತನ್ನ ತೀರ್ಪು ಕೊಟ್ಟಳು. ಅವಳು ದಿನಾ ಸಂಜೆ ನೋಡುವ ಕನ್ನಡ ಧಾರಾವಾಹಿಗಳಲ್ಲಿ ಇದೆಲ್ಲ ಒಂದು ಸಮಸ್ಯೆಯೇ ಅಲ್ಲವಂತೆ. ನಿನ್ನೆ ತನಕ ಇದ್ದ ಅತ್ತೆಯ ಮುಖ ಇವತ್ತು ಬೇರೆ. ಇನ್ನು ಮುಂದೆ ಈ ಪಾತ್ರದಲ್ಲಿ ಇವರು ಅಂತ ಕೆಳಗೆ ಒಂದು ಸಾಲು ಬರುತ್ತದೆ. ಮದುವೆಯಾದ ಮಗನಿಗೂ ಅನುಮಾನವಿಲ್ಲ, ಮೂವತ್ತು ವರ್ಷ ಸಂಸಾರ ಮಾಡಿದ ಮಾವನಿಗೂ ಅನುಮಾನವಿಲ್ಲ. ಗೋಡೆಯ ಮೇಲಿನ ಮದುವೆ ಫೋಟೋದಲ್ಲೂ ಹೊಸ ಮುಖವೇ. ಬಾಂಬು ಬೇಡ, ದ್ವೀಪ ಬೇಡ. ಜಾಹೀರಾತು ಮುಗಿಯುವಷ್ಟರಲ್ಲಿ ಭೂತಕಾಲ ಬದಲಾಗಿರುತ್ತದೆ.

ಮಾಣಿ ಸೋಲುವವನಲ್ಲ. ಭೌತಶಾಸ್ತ್ರ ತೆಗೆದ. ಅಜ್ಜನ ಒಗಟು ಅಂತ ಒಂದಿದೆಯಂತೆ. ನೀನು ಹಿಂದಕ್ಕೆ ಹೋಗಿ ನಿನ್ನ ಅಜ್ಜನನ್ನು ಅವನ ಮದುವೆಗೆ ಮೊದಲೇ ಕೊಂದೆ ಅಂದುಕೋ. ಆಗ ನಿನ್ನ ಅಪ್ಪ ಹುಟ್ಟುವುದಿಲ್ಲ, ನೀನೂ ಹುಟ್ಟುವುದಿಲ್ಲ. ನೀನೇ ಇಲ್ಲದ ಮೇಲೆ ಅಜ್ಜನನ್ನು ಕೊಂದವರು ಯಾರು? ಇದಕ್ಕೆ ರಷ್ಯಾದ ವಿಜ್ಞಾನಿ ಇಗೊರ್ ನೊವಿಕೊವ್ 1980ರ ದಶಕದಲ್ಲಿ ಒಂದು ಉತ್ತರ ಕೊಟ್ಟ. ಕೊಲ್ಲಲು ಆಗುವುದೇ ಇಲ್ಲ. ಬಂದೂಕು ಹಾರುವುದಿಲ್ಲ, ಇಲ್ಲಾ ಕಾಲು ಜಾರುತ್ತದೆ, ಇಲ್ಲಾ ಗುಂಡು ಇನ್ಯಾರಿಗೋ ತಾಗುತ್ತದೆ. ಅಂತೂ ಅಜ್ಜ ಉಳಿಯುತ್ತಾನೆ.

ಅಜ್ಜ ಕವಳ ಉಗಿದು ಬಂದು ಹೇಳಿದರು. “ನಮ್ಮ ಬದಿಗೆ ಅಜ್ಜನ್ನ ಕೊಲ್ಲೂಲೆ ಯಾರೂ ಅಷ್ಟು ಹಿಂದೆ ಹೋಗ್ತ್ವಿಲ್ಲೆ. ಮೊಮ್ಮಗ ಎದುರಿಗೇ ನಿಂತಿರ್ತಾ. ಆದ್ರೆ ಅವನ ಅಜ್ಜ ಇದ್ದಿದ್ನೇ ಇಲ್ಲೆ ಹೇಳಿ ಬರೆದು ಕೊಡ್ತ.”

ಹೀಗಂದು ಒಂದು ಪ್ಲಾಸ್ಟಿಕ್ ಚೀಲ ತರಲು ಮೊಮ್ಮಗಳನ್ನು ಕಳಿಸಿದರು. ಆ ಚೀಲ ನಮ್ಮ ಕೇರಿಯವರಿಗೆಲ್ಲ ಗೊತ್ತು. ಯಾವುದೋ ಬಟ್ಟೆ ಅಂಗಡಿಯದು, ಮೇಲಿನ ಸೀರೆಯ ಹೆಂಗಸಿನ ಮುಖ ಮಾಸಿ ಹೋಗಿದೆ. ಒಳಗೆ ಇನ್ನೊಂದು ಚೀಲ, ಅದರೊಳಗೆ ರಟ್ಟಿನ ಫೈಲು. ಮಳೆಗಾಲದ ಬೂಷ್ಟು ಹಿಡಿಯದಿರಲಿ ಅಂತ ನಾಲ್ಕು ನುಸಿಗುಳಿಗೆ. ತೆರೆದರೆ ಹಳೇ ಪೆಟ್ಟಿಗೆಯ ವಾಸನೆ. ರೇಷನ್ ಕಾರ್ಡು, ಮನೆ ತೆರಿಗೆ ರಸೀದಿ, ಮತದಾರರ ಪಟ್ಟಿಯ ಝೆರಾಕ್ಸು, ಜಿಪಿಎಸ್ ಮಾಡಿದ ನಕ್ಷೆ. ಎಲ್ಲಕ್ಕಿಂತ ಮೇಲೆ ಒಂದು ಅಚ್ಚಾದ ಹಾಳೆ. ಖಾಲಿ ಜಾಗದಲ್ಲಿ ಪೆನ್ನಿನಲ್ಲಿ ಅಜ್ಜನ ಹೆಸರು, ಅದೂ ತಪ್ಪು. ಕೆಳಗೆ ಕಾರಣ: 75 ವರ್ಷಗಳ ದಾಖಲೆ ಇಲ್ಲ.

ವಿಷಯ ಇಷ್ಟು. ಅಜ್ಜ ಉಳುವ ಗದ್ದೆ ಸರ್ಕಾರದ ಲೆಕ್ಕದಲ್ಲಿ ಅರಣ್ಯ ಭೂಮಿ. ಅದರ ಹಕ್ಕು ಕೇಳಿ ಹಾಕಿದ ಅರ್ಜಿ ತಿರಸ್ಕಾರವಾಗಿದೆ ಅನ್ನುವ ಹಾಳೆ ಅದು. 2006ರ ಅರಣ್ಯ ಹಕ್ಕು ಕಾಯ್ದೆ ಶುರುವಾಗುವುದೇ ಚಾರಿತ್ರಿಕ ಅನ್ಯಾಯವನ್ನು ಸರಿಪಡಿಸುತ್ತೇವೆ ಅಂತ. ಎಷ್ಟು ದೊಡ್ಡ ಮಾತು ನೋಡಿ. ಹಿಂದೆ ಆದದ್ದನ್ನು ಬದಲಾಯಿಸುತ್ತೇವೆ ಅಂತ ದೇಶದ ಸಂಸತ್ತೇ ಹೇಳಿದೆ. ಫ್ಯಾರಡೆಗೂ ಇಷ್ಟು ಧೈರ್ಯ ಇರಲಿಲ್ಲ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಆ ಭೂಮಿಯಲ್ಲಿ ಇದ್ದರೆ ಸಾಕು. ನಮ್ಮ ಜಿಲ್ಲೆಯ ಸಿದ್ದಿಗಳು 2003ರಲ್ಲಿ ಆ ಪಟ್ಟಿಗೆ ಸೇರಿದರು. ಉಳಿದವರಿಗೆಲ್ಲ ಆ ದಿನಕ್ಕೆ ಹಿಂದೆ ಮೂರು ತಲೆಮಾರು. ಒಂದು ತಲೆಮಾರು ಎಂದರೆ 25 ವರ್ಷ ಅಂತ ಕಾಯ್ದೆಯೇ ಅಳತೆ ಹಾಕಿಬಿಟ್ಟಿದೆ. ಮನುಷ್ಯರು ಹುಟ್ಟುವುದು ಹೇಗೆ ಅನ್ನುವುದು ಬೇರೆ ಮಾತು. ಕೂಡಿ ಕಳೆದರೆ ಬಂದು ನಿಲ್ಲುವುದು 1930ರ ಡಿಸೆಂಬರ್‌ನಲ್ಲಿ.

1930ರಲ್ಲಿ ಇಲ್ಲಿ ಏನಿತ್ತು? ಕರ್ನಾಟಕ ಇರಲಿಲ್ಲ. ಕಾರವಾರದಿಂದ ಆಳುವ ಈ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತದಲ್ಲಿತ್ತು, ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ. ರೇಷನ್ ಕಾರ್ಡಿಲ್ಲ, ಆಧಾರಿಲ್ಲ, ಎಲ್ಲರಿಗೂ ಮತವಿಲ್ಲ. ಅಂಕೋಲೆಯಲ್ಲಿ ಜನ ಸಮುದ್ರದ ನೀರು ಕಾಸಿ ಉಪ್ಪು ಮಾಡುತ್ತಿದ್ದರು, ಪೊಲೀಸರು ಹಿಡಿಯುತ್ತಿದ್ದರು. ಅದಾಗಿ ಒಂದೆರಡು ವರ್ಷಕ್ಕೆ ಅಂಕೋಲೆ, ಸಿದ್ದಾಪುರದ ಕಡೆ ಕರನಿರಾಕರಣೆ. ಬ್ರಿಟಿಷರಿಗೆ ಕಂದಾಯ ಕಟ್ಟುವುದಿಲ್ಲ ಅಂತ ರೈತರು ಹಠ ಹಿಡಿದರು, ಜಮೀನು ಜಪ್ತಿಯಾಯಿತು, ಜೈಲಾಯಿತು. ಅದನ್ನು ನಾವು ಶಾಲೆಯಲ್ಲಿ ಹೆಮ್ಮೆಯಿಂದ ಓದಿದ್ದೇವೆ. ಈಗ ಅದೇ ಕಡೆಯ ಮೊಮ್ಮಕ್ಕಳಿಗೆ ಟೇಬಲ್ಲಿನ ಆಚೆಯಿಂದ ಕೇಳುತ್ತಾರೆ: ಆವಾಗ ಕರ ಕಟ್ಟಿದ ರಸೀದಿ ಇದೆಯಾ?

ಅಜ್ಜ ದಾಖಲೆಗಾಗಿ ಅಲೆದ ಕಚೇರಿ ಯಾವುದು ಅಂತ ನಾನು ಹೇಳುವುದಿಲ್ಲ, ಅವರು ಇನ್ನೂ ಅಲ್ಲಿಗೆ ಹೋಗುವುದಿದೆ. ನಿಯಮದಲ್ಲಿ ಕಾಗದವೊಂದೇ ಅಲ್ಲ, ಬಾವಿ, ಮನೆಯ ಪಾಯ, ಸ್ಮಶಾನ, ದೇವರ ಜಾಗ ಇವೆಲ್ಲ ಸಾಕ್ಷಿ ಆಗುತ್ತವೆ. ಅದನ್ನು ಯಾರೋ ಓದಿ ಹೇಳಿದ್ದರು. ಅಜ್ಜ ಖುಷಿಯಿಂದ ಹೋಗಿ, ನಮ್ಮ ಗದ್ದೆಯ ಮೇಲೆ ನನ್ನ ಅಜ್ಜ ನೆಟ್ಟ ಅಪ್ಪೆಮಿಡಿ ಮರ ಇದೆ, ಬಂದು ನೋಡಿ ಅಂದರು. ಬರಿಗೈಲಿ ಹೋಗಬಾರದಲ್ಲ, ಒಂದು ಡಬ್ಬಿ ಮಿಡಿ ಉಪ್ಪಿನಕಾಯಿಯೂ ಇತ್ತು. ಟೇಬಲ್ಲಿನವರು ಉಪ್ಪಿನಕಾಯಿ ಡ್ರಾಯರಿಗೆ ಹಾಕಿಕೊಂಡು ಕೇಳಿದರಂತೆ. “ಮರ ನಿಮ್ಮ ಅಜ್ಜನೇ ನೆಟ್ಟಿದ್ದು ಅನ್ನೋದಕ್ಕೆ ದಾಖಲೆ?”

ಹಿರಿಯರ ಹೇಳಿಕೆಯೂ ಆಗುತ್ತದೆ. ಆದರೆ ಅರ್ಜಿದಾರ ಬಿಟ್ಟು ಬೇರೆಯವರು ಹೇಳಬೇಕು. ಅಜ್ಜನಿಗಿಂತ ಹಿರಿಯರು ನಮ್ಮ ಕೇರಿಯಲ್ಲಿ ಇರುವುದು ಆ ಮರ ಒಂದೇ. ಅದು ಹೆಬ್ಬೆಟ್ಟು ಒತ್ತುವುದಿಲ್ಲ.

ಇಂಥದ್ದೇ ಕಾಗದ ತನ್ನಿ ಅಂತ ಹಠ ಹಿಡಿಯಬಾರದು ಅಂತ 2012ರಲ್ಲಿ ನಿಯಮಕ್ಕೆ ಸೇರಿಸಿದ್ದಾರಲ್ಲ ಅಂತ ಮಾಣಿ ಮೊಬೈಲು ನೋಡಿ ಹೇಳಿದ. ಪಾಪ, ಅವನಿಗೆ ಗೊತ್ತಿಲ್ಲ. ಆ ಟೇಬಲ್ಲು ಇನ್ನೂ ಮೊದಲ ನಿಯಮ ಬಂದ 2008ರಲ್ಲೇ ಇದೆ. ಅಜ್ಜ ಹೋಗಬೇಕಾದ್ದು 1930ಕ್ಕೆ. ನಡುವೆ ಕಾಡಿನ ಕಾಯ್ದೆಗಳದ್ದೇ ಬೇರೆ ಬೇರೆ ನಿಲ್ದಾಣ. 1978ರ ಏಪ್ರಿಲ್ 27ಕ್ಕೆ ಮೊದಲಿನ ಅತಿಕ್ರಮಣವಾದರೆ ಒಂದು ಲೆಕ್ಕ, 1980ರ ಅಕ್ಟೋಬರ್ 25ರ ನಂತರವಾದರೆ ಇನ್ನೊಂದು ಲೆಕ್ಕ. ಒಂದೇ ಎರಡೆಕರೆ ಗದ್ದೆ ನಾಲ್ಕು ಕಾಲದಲ್ಲಿ ಒಟ್ಟಿಗೇ ಇರುತ್ತದೆ. ಇಷ್ಟು ಗೋಜಲಿನ ಕತೆ ಬರೆದಿದ್ದರೆ ಅಮೆರಿಕದವರು ಮೊದಲ ಸೀಸನ್ನಿಗೇ ನಿಲ್ಲಿಸುತ್ತಿದ್ದರು.

2019ರಲ್ಲಂತೂ ಹದಿನೈದೇ ದಿನದಲ್ಲಿ ಕಾಲ ಹಿಂದೆ ಮುಂದೆ ಆಯಿತು. ಅರ್ಜಿ ತಿರಸ್ಕಾರವಾದವರನ್ನು ತೆರವು ಮಾಡಿ ಅಂತ ಸುಪ್ರೀಂ ಕೋರ್ಟು ಫೆಬ್ರುವರಿ 13ಕ್ಕೆ ಹೇಳಿತು. 28ಕ್ಕೆ ಅದೇ ಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಆ ಹದಿನೈದು ದಿನ ಅಜ್ಜ ಅಡಿಕೆ ಸಸಿಗಳಿಗೆ ನೀರು ಹಾಕಲಿಲ್ಲ. ಯಾರಿಗೆ ಅಂತ ಹಾಕುವುದು? ತಡೆ ಸಿಕ್ಕಿದ ಸುದ್ದಿ ಬಂದ ಮೇಲೆ ಹಾಕಿದರು. ಆದೇಶ ಹಿಂದಕ್ಕೆ ಹೋಯಿತು, ಒಣಗಿದ ಹನ್ನೊಂದು ಸಸಿ ಹಿಂದಕ್ಕೆ ಬರಲಿಲ್ಲ. ನೊವಿಕೊವ್ ಕಡೆಗೆ ಒಂದು ಅಂಕ.

ಇನ್ನು ಗ್ರಾಮಸಭೆಯ ವಿಷಯ. ಸ್ಟೀಫನ್ ಹಾಕಿಂಗ್ 2009ರ ಜೂನ್ 28ರಂದು ಕೇಂಬ್ರಿಜ್‌ನಲ್ಲಿ ಕಾಲಪ್ರಯಾಣಿಕರಿಗೆ ಅಂತ ಒಂದು ಪಾರ್ಟಿ ಇಟ್ಟಿದ್ದರು. ಆಮಂತ್ರಣವನ್ನು ಹೊರಗೆ ಬಿಟ್ಟಿದ್ದು ಪಾರ್ಟಿ ಮುಗಿದ ಮೇಲೆ. ಮುಂದಿನ ಕಾಲದವರು ಅದನ್ನು ಓದಿ ಹಿಂದಕ್ಕೆ ಬರಲಿ ಅಂತ. ಒಂದು ನರಪಿಳ್ಳೆಯೂ ಬರಲಿಲ್ಲ. ಹಾಕಿಂಗ್ ನಮ್ಮೂರಲ್ಲಿ ಒಮ್ಮೆ ವಿಚಾರಿಸಬೇಕಿತ್ತು. ಅರಣ್ಯ ಹಕ್ಕಿನ ಸಭೆಗೆ ಅರ್ಧದಷ್ಟು ಜನ ಸೇರಲೇಬೇಕು. ನಮ್ಮಲ್ಲಿ ಒಂದು ಸಲ ನೋಟೀಸು ಬಂದದ್ದು ಸಭೆಯ ಮರುದಿನ. ಆದರೂ ಕೋರಂ ಭರ್ತಿ! ಸಹಿ ಪುಸ್ತಕದಲ್ಲಿ ನನ್ನದೂ ಸಹಿ ಇತ್ತು. ನಾನು ಆ ದಿನ ಕುಮಟೆಯಲ್ಲಿ ಭಾವನ ಮನೆಯಲ್ಲಿ ಮೀನು ಬೇಡ, ಸೌತೆಕಾಯಿ ಸಾಕು ಅಂತ ಹೋಟೆಲಿನವನಿಗೆ ಅರ್ಥ ಮಾಡಿಸುತ್ತಿದ್ದೆ ಅಂತ ನೆನಪು. ಭಾವನ ಮನೆಯಲ್ಲಿದ್ದವನು ಹೋಟೆಲಿಗೆ ಯಾವಾಗ ಹೋದೆ ಅಂತ ನಮ್ಮನೆಯವಳು ಕೇಳಿದಳು. ನೋಡಿ, ಭೂತಕಾಲ ಎಷ್ಟು ನಾಜೂಕು.

ಅಂತೂ ಕೊನೆಗೆ ಮಾಣಿಯೇ ಒಂದು ಉಪಾಯ ಹೇಳಿದ. ಒಂದು ಕಾಲಯಂತ್ರ ಸಿಕ್ಕಿದರೆ ಅಜ್ಜನನ್ನು ಕರೆದುಕೊಂಡು 1930ಕ್ಕೆ ಹೋಗಿಬಿಡುವುದು. ಯಂತ್ರ ಎಲ್ಲಿ ಇರಬಹುದು ಅನ್ನುವುದಕ್ಕೆ ನನಗೆ ಹೊಳೆದದ್ದು ಯಾಣದ ಗುಹೆ. ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಅನ್ನುತ್ತಾರಲ್ಲ. ಅಜ್ಜನ ಹತ್ತಿರ ಎರಡೂ ಇಲ್ಲ, ಮಂಡಿ ನೋವು ಬೇರೆ. ರೈಲಿನಲ್ಲಿ ಹೋಗೋಣ ಅಂದರೆ ನಮ್ಮ ಹುಬ್ಬಳ್ಳಿ–ಅಂಕೋಲಾ ರೈಲು 1990ರ ದಶಕದಿಂದಲೂ ಭವಿಷ್ಯದ ಕಡೆಗೆ ಮಾತ್ರ ಓಡುತ್ತಿದೆ. ಕೊನೆಗೆ ಬಸ್ಸೇ ಆಗಲಿ ಅಂತಾಯಿತು. 1930ಕ್ಕೆ ಎರಡು ಟಿಕೆಟ್. ಕಂಡಕ್ಟರು ಚಿಲ್ಲರೆ ಕೇಳದಿದ್ದರೆ ಸಾಕು.

ಹೋಗಿ ಏನು ಮಾಡುವುದು? ಇಲ್ಲಿ ಮಾಣಿಯ ತಲೆ ನಿಜಕ್ಕೂ ಚುರುಕು. ಅಂದಿನ ಕಾಡಿನ ಗಾರ್ಡನ್ನು ಕರೆದು, ಅಜ್ಜನ ಅಜ್ಜನಿಗೆ ಅಕ್ರಮ ಸಾಗುವಳಿ ಅಂತ ಒಂದು ದಂಡ ಹಾಕಿಸಬೇಕು. ರಸೀದಿ ಬರುತ್ತದೆ. ಮೇಲೆ ಬ್ರಿಟಿಷರ ಮೊಹರು ಇರುತ್ತದೆ. ಆ ರಸೀದಿಯನ್ನು ತಂದು ಟೇಬಲ್ಲಿನ ಮೇಲೆ ಇಟ್ಟರೆ ಕೆಲಸ ಮುಗಿಯಿತು. ನ್ಯಾಯವಾಗಿ ಬದುಕಿದ್ದಕ್ಕೆ ದಾಖಲೆ ಇರುವುದಿಲ್ಲ ನೋಡಿ, ಸಿಕ್ಕಿಬಿದ್ದವನಿಗೆ ಇರುತ್ತದೆ.

ಅಜ್ಜ ಬಹಳ ಹೊತ್ತು ಯೋಚನೆ ಮಾಡಿದರು. ಅಡಕತ್ತರಿ ಕೆಳಗಿಟ್ಟರು.

“ಆಗ್ತಿಲ್ಲೆ ತಮಾ. ನಮ್ಮಜ್ಜ ಗಾರ್ಡು ಬಂದ ಅಂದ್ರೆ ಮೈಲು ದೂರದಲ್ಲೇ ವಾಸನೆ ಹಿಡಿದು ಹಳ್ಳ ದಾಟ್ತಿದ್ನಡ. ನಮ್ಮಪ್ಪ ಹೇಳ್ತಿದ್ದ. ಜೀವಮಾನದಲ್ಲಿ ಒಂದು ಸಲವೂ ಸಿಕ್ಕಿದ್ನಿಲ್ಲೆ. ನಾವು ಎಷ್ಟು ಸಲ ಹೋದ್ರೂ ಅಂವ ಓಡವನೇಯ.”

ಮಾಣಿ ಬಾಯಿ ತೆರೆದು ಕೂತ. ನೊವಿಕೊವ್ ಗಣಿತ ಹಾಕಿ ಹೇಳಿದ್ದನ್ನು ಅಜ್ಜ ಒಂದು ಹಳ್ಳ ದಾಟಿಸಿ ಮುಗಿಸಿದ್ದರು.

ಧಾರಾವಾಹಿಯಲ್ಲಿ ಅಷ್ಟರಲ್ಲಿ ಐದನೇ ಸೀಸನ್ನಿನ ಕೊನೆ. ಮುಂದೆ ವಿಮಾನ ಬೀಳುವುದನ್ನು ತಪ್ಪಿಸಲು ಹೈಡ್ರೋಜನ್ ಬಾಂಬೊಂದನ್ನು ನೆಲದ ಗುಂಡಿಯೊಳಗೆ ಹಾಕಿದ್ದಾರೆ. ಅದು ಸಿಡಿಯುವುದಿಲ್ಲ. ಗುಂಡಿಯೊಳಗೆ ಬಿದ್ದ ಹೆಂಗಸೊಬ್ಬಳು ಅಳುತ್ತ ಕಲ್ಲು ತೆಗೆದುಕೊಂಡು ಅದನ್ನು ಕುಟ್ಟುತ್ತಾಳೆ. ಪರದೆಯೆಲ್ಲ ಬಿಳಿ. ಬದಲಾಯಿತೋ ಇಲ್ಲವೋ ತಿಳಿಯಲು ಆಗಿನವರು ಮುಂದಿನ ವರ್ಷದವರೆಗೆ ಕಾದರಂತೆ. ಕಾದರೂ, ದ್ವೀಪದಲ್ಲಿ ಆಗಿದ್ದೇನೂ ಬದಲಾಗಿರಲಿಲ್ಲ.

ಮಾಣಿ ಲ್ಯಾಪ್‌ಟಾಪು ಮುಚ್ಚಲು ಹೋದ. ಅಜ್ಜ ಕೈ ಅಡ್ಡ ಹಿಡಿದರು. ಕಾಗದಗಳನ್ನು ಒಂದೊಂದಾಗಿ ಫೈಲಿಗೆ, ಫೈಲನ್ನು ಚೀಲಕ್ಕೆ, ಚೀಲವನ್ನು ಸೀರೆಯ ಹೆಂಗಸಿನ ಚೀಲಕ್ಕೆ ಹಾಕಿ ಗಂಟು ಬಿಗಿದು ಕೇಳಿದರು.

“ಆ ಬಾಂಬು ಹಾಕಿದ ಜಾಗ ಅರಣ್ಯದ್ದಾ, ರೆವಿನ್ಯೂದಾ?”